ಕೆವಿಎಂ ಸ್ವಿಚ್ ಹಿಂದಿರುವ ಸರ್ವರ್‌ಗಳು: ದೂರದಿಂದ ಕೀಬೋರ್ಡ್ ಕೆಲಸ ಮಾಡುವಂತೆ ಯುಎಸ್‌ಬಿ ಹೊಂದಿಸಿದ ಬಗೆ

ದೂರದ ಸರ್ವರ್‌ನ ಪರದೆ ಕಾಣಿಸುವುದು ಸುಲಭ. ಡಿಲೀಟ್ ಕೀಲಿ ಒತ್ತಿದರೆ ಬಯಾಸ್‌ಗೆ (ಸರ್ವರ್ ಆನ್ ಆದೊಡನೆ ಮೊದಲು ಓಡುವ ತಂತ್ರಾಂಶ) ತಲುಪುತ್ತದೆಯೇ ಎಂಬುದೇ ನಿಜವಾದ ಪರೀಕ್ಷೆ. ನನ್ನಲ್ಲಿರುವುದು ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರಿನ ಮೇಲೆ ಪೈಕೆವಿಎಂ (ಸರ್ವರ್‌ನ ಪರದೆ, ಕೀಬೋರ್ಡ್, ಮೌಸ್‌ಗಳನ್ನು ನೆಟ್‌ವರ್ಕ್ ಮೂಲಕ ಬಳಸಲು ಕೊಡುವ ವ್ಯವಸ್ಥೆ), ಅದಕ್ಕೆ ಸೇರಿಸಿದ 4 ಪೋರ್ಟಿನ ಎಚ್‌ಡಿಎಂಐ ಕೆವಿಎಂ ಸ್ವಿಚ್, ಅಂದರೆ ಒಂದೇ ಕೀಬೋರ್ಡ್, ಪರದೆ, ಮೌಸನ್ನು ಹಲವು ಸರ್ವರ್‌ಗಳ ನಡುವೆ ಬದಲಿಸುವ ಪೆಟ್ಟಿಗೆ.

ಪೈನ ಕೇಬಲ್ಲನ್ನು ಸ್ವಿಚ್‌ನ ಯಾವ ಪೋರ್ಟಿಗೆ ಹಾಕುತ್ತೀರಿ ಎಂಬುದರ ಮೇಲೆ ಉಳಿದದ್ದೆಲ್ಲ ನಿಂತಿದೆ. ಎಮ್ಯುಲೇಶನ್ ಇರುವ ಕೀಬೋರ್ಡ್ ಪೋರ್ಟಿನಲ್ಲಿ ಸ್ವಿಚ್ ತಾನೇ ಕೀಲಿಗಳನ್ನು ಓದಿ, ಪ್ರತಿ ಸರ್ವರ್‌ಗೂ ಸದಾ ಒಂದು ಕೀಬೋರ್ಡ್ ಇದ್ದಂತೆ ತೋರಿಸುತ್ತದೆ. ಹಾಟ್‌ಕೀ (ಕೀಬೋರ್ಡಿನಿಂದಲೇ ಸರ್ವರ್ ಬದಲಿಸುವ ಕೀಲಿ ಜೋಡಣೆ) ನಡೆಯುತ್ತದೆ. ಆದರೆ ಪೈ ಕೀಬೋರ್ಡ್, ಮೌಸ್, ವರ್ಚುವಲ್ ಡ್ರೈವ್ ಮೂರನ್ನೂ ಒಂದೇ ಸಾಧನವಾಗಿ ಒಡ್ಡುತ್ತದೆ. ಇದು ಎಷ್ಟೋ ಸ್ವಿಚ್‌ಗಳಿಗೆ ಅರ್ಥವಾಗುವುದಿಲ್ಲ, ಅರ್ಥವಾದರೂ ಡ್ರೈವ್ ಮಾತ್ರ ಆಚೆ ದಾಟುವುದಿಲ್ಲ. ಆ ವರ್ಚುವಲ್ ಡ್ರೈವ್‌ನಲ್ಲಿಟ್ಟ ಐಎಸ್‌ಒ ಇಮೇಜಿನಿಂದ (ಡಿಸ್ಕ್‌ನ ನಕಲು ಕಡತ) ಬೂಟ್ ಮಾಡುವುದು ನನಗೆ ಬೇಕೇ ಬೇಕು, ಹಾಗಾಗಿ ಸಾಧನವನ್ನು ಹಾಗೇ ದಾಟಿಸುವ ಯುಎಸ್‌ಬಿ ಹಬ್ ಪೋರ್ಟನ್ನೇ ಆರಿಸಿಕೊಂಡೆ. ಅಲ್ಲಿ ಹಾಟ್‌ಕೀ ಇಲ್ಲ. ಪೋರ್ಟ್ ಬದಲಿಸಲು ಸೀರಿಯಲ್ ಆದೇಶ ಒಪ್ಪುವ ಸ್ವಿಚ್ ಇರಬೇಕು.

ಪೈ 4ರಲ್ಲಿ ವಿದ್ಯುತ್ತು, ಡೇಟಾ ಎರಡೂ ಒಂದೇ ಯುಎಸ್‌ಬಿ-ಸಿ ಪೋರ್ಟಿನಲ್ಲಿ. ವೈ ಆಕಾರದ ಸ್ಪ್ಲಿಟರ್ ಹಾಕಿ, ಅಡಾಪ್ಟರ್ ಕಡೆಯಿಂದ ವಿದ್ಯುತ್ತು ಬರುವಂತೆ, ಸ್ವಿಚ್ ಕಡೆಗೆ ಬರೀ ಡೇಟಾ ಹೋಗುವಂತೆ ಮಾಡಿ. 5 ವೋಲ್ಟ್ ತಂತಿ ಸ್ವಿಚ್ ಕಡೆಗೂ ಜೋಡಣೆಯಾಗಿದ್ದರೆ ಪೈನ ವಿದ್ಯುತ್ತು ಹಿಮ್ಮುಖವಾಗಿ ಹರಿಯುತ್ತದೆ.

ಇನ್ನು ಬಯಾಸ್. ಎಎಂಐ ಕಂಪನಿಯ ಬಯಾಸ್‌ನಲ್ಲಿ ಲೆಗಸಿ ಯುಎಸ್‌ಬಿ ಸಪೋರ್ಟ್ (ಆಪರೇಟಿಂಗ್ ಸಿಸ್ಟಮ್ ಏಳುವ ಮೊದಲೂ ಯುಎಸ್‌ಬಿ ಕೀಬೋರ್ಡ್ ನಡೆಯುವ ಬೆಂಬಲ) 'ಆಟೋ' ಇದ್ದರೆ 'ಎನೇಬಲ್ಡ್' ಮಾಡಿ. ಯುಎಸ್‌ಬಿ ಸಾಧನ ಕಾಣದಿದ್ದರೆ ಆಟೋ ಆ ಬೆಂಬಲವನ್ನೇ ಕೈಬಿಡುತ್ತದೆ. ಸರ್ವರ್ ಏಳುವ ಹೊತ್ತಿಗೆ ಸ್ವಿಚ್ ಬೇರೆ ಪೋರ್ಟಿನಲ್ಲಿದ್ದರೆ ಆಗುವುದು ಇದೇ. ಫಾಸ್ಟ್ ಬೂಟ್ (ತಪಾಸಣೆ ಮೊಟಕುಗೊಳಿಸಿ ಬೇಗ ಏಳುವ ಆಯ್ಕೆ) ಆಫ್, ಎಕ್ಸ್‌ಎಚ್‌ಸಿಐ ಹ್ಯಾಂಡ್-ಆಫ್ (ಯುಎಸ್‌ಬಿ ನಿಯಂತ್ರಣವನ್ನು ಬಯಾಸ್‌ನಿಂದ ಆಪರೇಟಿಂಗ್ ಸಿಸ್ಟಮ್‌ಗೆ ಒಪ್ಪಿಸುವ ಆಯ್ಕೆ) ಆನ್. ಪೈಕೆವಿಎಂನ ಮೌಸ್ ಅಬ್ಸಲ್ಯೂಟ್ ಮೋಡ್‌ನಲ್ಲಿರಲಿ (ಪರದೆಯ ಮೇಲಿನ ಜಾಗವನ್ನೇ ಕಳಿಸುವ ಬಗೆ). ಬಯಾಸ್ ಒಪ್ಪದಿದ್ದರೆ ಮಾತ್ರ ರಿಲೇಟಿವ್ (ಎಷ್ಟು ಸರಿಯಿತು ಎಂಬುದನ್ನಷ್ಟೇ ಕಳಿಸುವ ಬಗೆ).

ಡಿಸ್ಕ್ ಎನ್‌ಕ್ರಿಪ್ಟ್ ಆಗಿದ್ದರೆ ಪಾಸ್‌ವರ್ಡ್ ಕೇಳುವಲ್ಲಿ ಕೀಬೋರ್ಡ್ ಸತ್ತಂತಿರುವುದು ಸಾಮಾನ್ಯ. ಇನಿಟ್‌ರಾಮ್‌ಎಫ್‌ಎಸ್‌ನಲ್ಲಿ (ಲಿನಕ್ಸ್ ಬೂಟ್ ಆಗುವಾಗ ಮೊದಲು ಬಳಸುವ ಪುಟ್ಟ ಇಮೇಜ್) ಯುಎಸ್‌ಬಿ ಎಚ್‌ಐಡಿ ಮಾಡ್ಯೂಲ್ (ಕೀಬೋರ್ಡ್, ಮೌಸ್ ನಡೆಸುವ ಚಾಲಕ) ಇಲ್ಲದಿರುವುದು ಸಾಮಾನ್ಯ ಕಾರಣ. ಆರ್ಚ್ ಲಿನಕ್ಸ್‌ನಲ್ಲಿ ಈ ಇಮೇಜ್ ಕಟ್ಟುವ ಹಂತಗಳ (ಹುಕ್) ಪಟ್ಟಿಯಲ್ಲಿ ಕೀಬೋರ್ಡ್ ಹುಕ್ಕನ್ನು ಆಟೋಡಿಟೆಕ್ಟ್‌ಗಿಂತ ಮೊದಲು ಇಡಬೇಕು. ನಂತರ ಇಟ್ಟರೆ, ಇಮೇಜ್ ಕಟ್ಟುವಾಗ ಕಂಡ ಸಾಧನಗಳಿಗೆ ಬೇಕಾದ ಮಾಡ್ಯೂಲ್‌ಗಳಷ್ಟೇ ಒಳಹೋಗುತ್ತವೆ.

ಸುಮ್ಮನಿರುವ ಯುಎಸ್‌ಬಿ ಸಾಧನವನ್ನು ಲಿನಕ್ಸ್ ಮಲಗಿಸದಿರಲೆಂದು, ಬೂಟ್ ಆಗುವಾಗಿನ ಕರ್ನಲ್ ಆದೇಶದ ಸಾಲಿಗೆ 'ಯುಎಸ್‌ಬಿಕೋರ್.ಆಟೋಸಸ್ಪೆಂಡ್=-1' ಸೇರಿಸಿದೆ. ವಿದ್ಯುತ್ ಉಳಿಸುವ ಪವರ್‌ಟಾಪ್ ತಂತ್ರಾಂಶದ ಆಟೋ-ಟ್ಯೂನ್ ಸರ್ವರ್ ಮೇಲೆ ಬೇಡವೇ ಬೇಡ, ಅದು ಕೀಬೋರ್ಡನ್ನೂ ಮಲಗಿಸಬಹುದು. ಅಪರಿಚಿತ ಯುಎಸ್‌ಬಿ ಸಾಧನಗಳನ್ನು ತಡೆಯುವ ಯುಎಸ್‌ಬಿಗಾರ್ಡ್ ಇದ್ದರೆ ಪೈಯನ್ನು ಅನುಮತಿ ಪಟ್ಟಿಗೆ ಸೇರಿಸಿ. ವಿಂಡೋಸ್‌ನಲ್ಲಿ ಪವರ್ ಪ್ಲಾನ್‌ನ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ (ಇದೂ ಸಾಧನ ಮಲಗಿಸುವ ಆಯ್ಕೆಯೇ) ನಿಲ್ಲಿಸಿ. ಯುಎಸ್‌ಬಿ ಕೇಬಲ್ 5 ಮೀಟರ್ ದಾಟದಿರಲಿ.

ಕೊನೆಗೆ ಸ್ವಿಚ್ಚನ್ನು ಬೇರೆ ಪೋರ್ಟಿನಲ್ಲಿಟ್ಟು ಸರ್ವರನ್ನು ಪೂರ್ತಿ ಆಫ್ ಮಾಡಿ ಆನ್ ಮಾಡಿ, ಪೋಸ್ಟ್ (ಆನ್ ಆದೊಡನೆ ಬಯಾಸ್ ನಡೆಸುವ ಸ್ವಯಂ ತಪಾಸಣೆ) ನಡುವೆ ಪೋರ್ಟ್ ಬದಲಿಸಿ ಡಿಲೀಟ್ ಒತ್ತಿ ನೋಡಿ. ಪ್ರತಿ ಬದಲಾವಣೆಗೂ ಸಾಧನ ಹೊಸದಾಗಿ ಗುರುತಾಗಬೇಕು, ಆ ವೇಳೆಗೆ ಪೋಸ್ಟ್ ಮುಗಿದಿರಬಹುದು. ಬಯಾಸ್‌ನ ಸೆಟಪ್ ಪ್ರಾಂಪ್ಟ್ ಟೈಮ್‌ಔಟನ್ನು (ಡಿಲೀಟ್ ಕೀಲಿಗಾಗಿ ಕಾಯುವ ಸಮಯ) 10 ಸೆಕೆಂಡಿಗೆ ಏರಿಸಿದರೆ ಕೀಲಿ ಒತ್ತಲು ಸಮಯ ಸಿಗುತ್ತದೆ.