ಒಂದು ಸೌಟು ನೀರು ಸಾಕು

ಜಪಾನಿನ ಮೂಲ ಧರ್ಮವಾದ ಶಿಂತೋದ ಗುಡಿಯಲ್ಲಿ ಕೈ ಹೇಗೆ ಮುಗಿಯಬೇಕು ಅಂತ ಎಲ್ಲರೂ ಕೇಳುತ್ತಾರೆ. ನಾನಾದರೆ ಮೊದಲು ಕೈ ತೊಳೆಯುವುದನ್ನು ಕಲಿಯಿರಿ ಅನ್ನುತ್ತೇನೆ.

ಗುಡಿಯ ದಾರಿಯಲ್ಲಿ ತೋರಿ ಅನ್ನುವ ಕಂಬದ ಬಾಗಿಲು ಸಿಗುತ್ತದೆ. ಅಲ್ಲಿ ನಿಂತು ಒಮ್ಮೆ ತಲೆಬಾಗಿ. ಆಮೇಲೆ ದಾರಿಯ ನಡುವೆ ಹೋಗದೆ ಪಕ್ಕದಲ್ಲಿ ನಡೆಯಿರಿ. ನಡುವಿನದು ಕಾಮಿಯ, ಅಂದರೆ ದೇವರ ದಾರಿ.

ಮುಂದೆ ನೀರಿನ ತೊಟ್ಟಿ. ಅದಕ್ಕೆ ತೆಮಿಜುಯಾ ಅನ್ನುತ್ತಾರೆ. ನಾನು ಮೊದಲ ಸಲ ನಿಂತಿದ್ದು ಕ್ಯೋಟೋದಲ್ಲಿ, ಜನವರಿ ಚಳಿಯಲ್ಲಿ. ಎಡಗೈಗೇ ನೀರೆಲ್ಲ ಸುರಿದುಬಿಟ್ಟು ಸೌಟನ್ನು ಮತ್ತೆ ಅದ್ದಲು ಹೋದೆ. ಪಕ್ಕದಲ್ಲಿದ್ದ ಅಜ್ಜಿ ಏನೂ ಹೇಳಲಿಲ್ಲ. ನನಗೆ ಕಾಣುವ ಹಾಗೆ ತಾವೇ ನಿಧಾನವಾಗಿ ಮಾಡಿ ತೋರಿಸಿದರು.

ಬಲಗೈಯಲ್ಲಿ ಒಂದೇ ಸಲ ಸೌಟು ತುಂಬಿಕೊಂಡು ಎಡಗೈ ಮೇಲೆ ಸ್ವಲ್ಪ. ಕೈ ಬದಲಿಸಿ ಬಲಗೈ ಮೇಲೆ ಸ್ವಲ್ಪ. ಮತ್ತೆ ಬದಲಿಸಿ, ಎಡ ಅಂಗೈಗೆ ಗುಟುಕು ನೀರು ಹಾಕಿಕೊಂಡು ಬಾಯಿ ಮುಕ್ಕಳಿಸಿ. ಸೌಟಿಗೆ ಬಾಯಿ ತಾಗಬಾರದು, ತೊಟ್ಟಿಯೊಳಗೆ ಉಗುಳಬಾರದು. ಎಡಗೈ ಇನ್ನೊಮ್ಮೆ ತೊಳೆಯಿರಿ. ಕೊನೆಗೆ ಸೌಟನ್ನು ನೆಟ್ಟಗೆ ಎತ್ತಿ ಹಿಡಿಯಿರಿ. ಉಳಿದ ನೀರು ಹಿಡಿಯುದ್ದಕ್ಕೂ ಇಳಿಯುತ್ತದೆ. ನೀವು ಮುಟ್ಟಿದ ಜಾಗ ಮುಂದಿನವರಿಗೆ ತೊಳೆದಿರುತ್ತದೆ. ನನಗೆ ಜಾಸ್ತಿ ಇಷ್ಟವಾದದ್ದು ಇದೇ. ಕೊರೊನಾ ನಂತರ ಕೆಲವು ಕಡೆ ಸೌಟು ಇರುವುದಿಲ್ಲ, ಬಿದಿರಿನ ಕೊಳವೆಯಿಂದ ನೀರು ಬೀಳುತ್ತದೆ. ಅಲ್ಲಿ ಸುಮ್ನೆ ಎರಡೂ ಕೈ ತೊಳೆದರಾಯಿತು.

ಕಾಣಿಕೆಗೆ ಎಷ್ಟಾದರೂ ಆಗುತ್ತದೆ. ತುಂಬ ಜನ 5 ಯೆನ್ ನಾಣ್ಯ ಹಾಕುತ್ತಾರೆ. ಅದನ್ನು ಗೋಎನ್ ಅನ್ನುತ್ತಾರೆ, ನಂಟು ಅನ್ನುವುದಕ್ಕೂ ಅದೇ ಉಚ್ಚಾರ. ಎಸೆಯಬೇಡಿ, ಮೆಲ್ಲಗೆ ಬಿಡಿ. ಗಂಟೆ ಇದ್ದರೆ ಹಗ್ಗ ಅಲ್ಲಾಡಿಸಿ.

ಈಗ ಎರಡು ಸಲ ಪೂರ್ತಿ ಬಾಗಿ, ಎರಡು ಚಪ್ಪಾಳೆ ತಟ್ಟಿ. ತಟ್ಟುವಾಗ ಬಲ ಅಂಗೈಯನ್ನು ಎಡಗೈಗಿಂತ ಒಂಚೂರು ಕೆಳಗೆ ಸರಿಸಿ. ಆಮೇಲೆ ಬೆರಳು ಸೇರಿಸಿ ಕೈ ಮುಗಿದು, ನಿಮ್ಮ ಮಾತು ಮನಸ್ಸಿನಲ್ಲೇ ಹೇಳಿಕೊಳ್ಳಿ. ಕೊನೆಗೆ ಒಮ್ಮೆ ಬಾಗಿ. ಇಜುಮೊ ತೈಶಾ ಅನ್ನುವ ದೊಡ್ಡ ಗುಡಿ ಮತ್ತು ಇನ್ನು ಕೆಲವೇ ಗುಡಿಗಳಲ್ಲಿ ನಾಲ್ಕು ಚಪ್ಪಾಳೆ. ಬೌದ್ಧ ದೇವಾಲಯದಲ್ಲಿ ಚಪ್ಪಾಳೆಯೇ ಇಲ್ಲ, ಇದನ್ನು ಮರೆಯಬೇಡಿ.

ಒಮಿಕುಜಿ ಅನ್ನುವ ಭವಿಷ್ಯದ ಚೀಟಿ ತೆಗೆದಾಗ ಕೆಟ್ಟದ್ದು ಬಂದರೆ ಹೆದರಬೇಡಿ, ಅಲ್ಲೇ ಇರುವ ದಾರಕ್ಕೆ ಕಟ್ಟಿ ಬನ್ನಿ. ಒಮಾಮೊರಿ ತಾಯಿತ ಕೊಂಡರೆ ಅದರ ಚೀಲ ಬಿಚ್ಚಿ ನೋಡಬಾರದು. ವರ್ಷವಾದ ಮೇಲೆ ಅದೇ ಗುಡಿಗೆ ವಾಪಸ್ ಕೊಡುವುದು ರೂಢಿ.

ಹೊರಟಾಗ ತೋರಿ ದಾಟಿದ ಮೇಲೆ ಗುಡಿಯ ಕಡೆ ತಿರುಗಿ ಮತ್ತೊಮ್ಮೆ ತಲೆಬಾಗಿ. ಅಜ್ಜಿಯೂ ಹಾಗೇ ಮಾಡಿ, ಒದ್ದೆ ಕೈ ಒರೆಸಿಕೊಳ್ಳುತ್ತ ಹೋದರು.