ಹಂದಿ ಶೆಡ್ಡಿಗೆ ಔಷಧಿ ಹೊಡೆಯೋ ಮುಂಚೆ

ಆಫ್ರಿಕನ್ ಹಂದಿ ಜ್ವರ 2020ರಲ್ಲಿ ಅಸ್ಸಾಂ, ಅರುಣಾಚಲದಲ್ಲಿ ಕಾಣಿಸಿಕೊಂಡು ಆಮೇಲೆ ಬೇರೆ ರಾಜ್ಯಗಳಿಗೂ ಹಬ್ಬಿತು. ಬಂದರೆ ಚಿಕಿತ್ಸೆ ಇಲ್ಲ. ಹಾಗಾಗಿ ಶೆಡ್ ಶುಚಿ ಬಗ್ಗೆ ಎರಡು ಮಾತು.

ಸಗಣಿ ಮೆತ್ತಿಕೊಂಡಿರೋ ನೆಲಕ್ಕೆ ರೋಗಾಣು ಕೊಲ್ಲೋ ಎಷ್ಟು ದುಬಾರಿ ಔಷಧಿ ಹೊಡೆದರೂ ದುಡ್ಡು ದಂಡ. ಗಲೀಜೇ ಔಷಧಿಯ ಶಕ್ತಿ ಹೀರಿಬಿಡುತ್ತೆ. ಮೊದಲು ಕೆರೆದು ತೆಗೀರಿ, ಸೋಪಿನ ನೀರಲ್ಲಿ ಉಜ್ಜಿ ತೊಳೆದು ಒಣಗಲು ಬಿಡಿ. ಗೋದಲಿ ಅಡಿ, ಗೋಡೆ ಮೂಲೆ ಮರೀಬೇಡಿ.

ಖಾಲಿ ಶೆಡ್ಡಿನ ಸಿಮೆಂಟ್ ನೆಲಕ್ಕೆ ಕಾಸ್ಟಿಕ್ ಸೋಡಾ ಅಗ್ಗ, ಕೆಲಸವೂ ಚೆನ್ನಾಗಿ ಮಾಡುತ್ತೆ. 10 ಲೀಟರ್ ನೀರಿಗೆ 200 ಗ್ರಾಂ ಹಾಕಿದರೆ ಶೇ. 2 ಆಯ್ತು. ನೀರಿಗೆ ಸೋಡಾ ಸ್ವಲ್ಪ ಸ್ವಲ್ಪವೇ ಹಾಕಬೇಕು, ಸೋಡಾ ಮೇಲೆ ನೀರು ಸುರೀಬಾರದು, ಕುದ್ದು ಮುಖಕ್ಕೆ ಸಿಡಿಯುತ್ತೆ. ಪ್ಲಾಸ್ಟಿಕ್ ಬಕೆಟ್, ರಬ್ಬರ್ ಗ್ಲೌಸ್, ಕನ್ನಡಕ ಇರಲೇಬೇಕು. ಅಲ್ಯೂಮಿನಿಯಂ ಸಾಮಾನಿಗೆ ತಾಗಿಸಬೇಡಿ, ತಿಂದುಹಾಕುತ್ತೆ. ಕನಿಷ್ಠ ಅರ್ಧ ಗಂಟೆ ನೆಲ ಒದ್ದೆಯಾಗೇ ಇರಲಿ. ಚೆನ್ನಾಗಿ ತೊಳೆದ ಮೇಲಷ್ಟೇ ಹಂದಿ ಬಿಡಿ.

ಬ್ಲೀಚಿಂಗ್ ಪೌಡರ್ ಬಳಸೋರು ಹೊಸ ಪ್ಯಾಕೆಟ್ ತಗೊಳ್ಳಿ. ಬಾಯಿ ತೆರೆದಿಟ್ಟ ಚೀಲದ್ದು ಬರೀ ವಾಸನೆ ಅಷ್ಟೇ. ಆಸಿಡ್ ಜತೆ ಮಾತ್ರ ಬೆರೆಸಲೇಬೇಡಿ, ವಿಷದ ಗಾಳಿ ಏಳುತ್ತೆ.

ಬಾಗಿಲಲ್ಲಿ ಕಾಲು ಅದ್ದೋ ತೊಟ್ಟಿ ಇದ್ದರೆ ಪಕ್ಕದಲ್ಲೊಂದು ಬ್ರಷ್ ಇಡಿ, ಬೂಟಿನ ಕೆಸರು ತೆಗೆದೇ ಅದ್ದಬೇಕು. ತೊಟ್ಟಿಯ ಔಷಧಿ ನೀರು ದಿನಾ ಬದಲಿಸಿ. ಮಳೆ ಬೀಳೋ ಜಾಗ ಬೇಡ.

ಹಂದಿಗೆ ಹೋಟೆಲ್ ಮುಸುರೆ ಕೊಡೋರಿದ್ದರೆ, ಅದರಲ್ಲಿರೋ ಹಂದಿ ಮಾಂಸದಿಂದಲೂ ರೋಗ ಬರುತ್ತೆ. ಅದಕ್ಕೆ ಈ ಯಾವ ಔಷಧಿಯೂ ಆಗಲ್ಲ. ಇದ್ದಕ್ಕಿದ್ದಂತೆ ಹಂದಿ ಸತ್ತರೆ ಮಾರೋಕೆ ಹೋಗದೆ ಪಶು ವೈದ್ಯರಿಗೆ ಫೋನ್ ಮಾಡಿ.