ಮೂಳೆಯನ್ನು ಎಳೆಯುವವರು ಯಾರು? ನಿಮ್ಮ ತೋಳಲ್ಲೇ ಹುಡುಕಿ

ಮೂಳೆ, ಸ್ನಾಯುವಿನ ಪಾಠ ಬಂದಾಗ ನಾನು 206 ಮೂಳೆಗಳ ಚಾರ್ಟ್ ಬಿಚ್ಚುವುದಿಲ್ಲ. ಅಂಗಿಯ ತೋಳು ಮಡಚಿಕೊಳ್ಳಿ ಅನ್ನುತ್ತೇನೆ. ಹೆಸರುಗಳನ್ನು ಆಮೇಲೆ ಕಲಿತರಾಯಿತು. ಮನೆಯಲ್ಲಿ ಹೇಳಿಕೊಡುವವರೂ ಹೀಗೇ ಶುರು ಮಾಡಿ. ಒಂದು ಮೇಜು, ಒಂದು ಲೀಟರ್ ನೀರಿನ ಬಾಟಲಿ, ಒಂದು ಸ್ಕೇಲ್ ಇದ್ದರೆ ಸಾಕು.

ಮಗು ಮೇಜಿನ ಮುಂದೆ ಕೂತು, ಮೊಣಕೈ ಮಡಚಿ, ಬಲ ಅಂಗೈಯಿಂದ ಮೇಜನ್ನು ಅಡಿಯಿಂದ ಮೇಲಕ್ಕೆ ಒತ್ತಲಿ. ಎಡಗೈಯಿಂದ ಬಲತೋಳನ್ನು ಮುಟ್ಟಿ ನೋಡಲಿ. ಮುಂದಿನ ಸ್ನಾಯು ಬೈಸೆಪ್ಸ್ ಗಟ್ಟಿಯಾಗಿರುತ್ತದೆ, ಹಿಂಭಾಗ ಮೆತ್ತಗಿರುತ್ತದೆ. ಈಗ ಅಂಗೈಯನ್ನು ಮೇಜಿನ ಮೇಲಿಟ್ಟು ಕೆಳಕ್ಕೆ ಒತ್ತಲಿ. ಹಿಂದಿನ ಸ್ನಾಯು ಟ್ರೈಸೆಪ್ಸ್ ಗಟ್ಟಿಯಾಗುತ್ತದೆ. ಮುಷ್ಟಿ ಬಿಗಿ ಹಿಡಿಯುವುದು ಬೇಡ. ಹಿಡಿದರೆ ಎರಡೂ ಒಟ್ಟಿಗೆ ಬಿಗಿದು ವ್ಯತ್ಯಾಸವೇ ಗೊತ್ತಾಗುವುದಿಲ್ಲ.

ಇಲ್ಲಿ ಸ್ವಲ್ಪ ಹೊತ್ತು ನಿಲ್ಲಿ. ಒಂದೇ ಮೊಣಕೈಗೆ ಎರಡು ಕಡೆ ಸ್ನಾಯು ಯಾಕೆ ಅಂತ ಕೇಳಿ. ಸ್ನಾಯು ಹಗ್ಗದ ಹಾಗೆ, ಎಳೆಯಬಲ್ಲದು, ತಳ್ಳಲಾರದು. ಒಂದು ಮಡಚಿದ್ದನ್ನು ಬಿಡಿಸಲು ಇನ್ನೊಂದು ಬೇಕೇ ಬೇಕು. ನಾವು ಬಾಗಿಲು ತಳ್ಳುವಾಗಲೂ ಒಳಗೆ ನಡೆಯುವುದು ಎಳೆತವೇ: ಟ್ರೈಸೆಪ್ಸ್ ಮೂಳೆಯನ್ನು ಹಿಂದಿನಿಂದ ಎಳೆದು ಕೈಯನ್ನು ನೇರ ಮಾಡುತ್ತದೆ. ಇದು ಮನಸ್ಸಿಗೆ ಹತ್ತಿದ ಮಗುವಿಗೆ ಉಳಿದ ಪಾಠ ಸಲೀಸು.

ಇನ್ನು ಬಾಟಲಿ. ಮೊಣಕೈಯನ್ನು ಅರ್ಧ ಮಡಚಿ, ಅಂಗೈ ಮೇಲೆ ಮಾಡಿ ಹಿಡಿಯಲಿ. ಮೊಣಕೈ ಮಡಿಕೆಯಲ್ಲಿ ಬಿಗಿದ ದಾರದಂಥದ್ದು ಬೆರಳಿಗೆ ಸಿಗುತ್ತದೆ. ಅದು ಬೈಸೆಪ್ಸನ್ನು ಮುಂಗೈ (ಮೊಣಕೈಯಿಂದ ಮಣಿಕಟ್ಟಿನವರೆಗಿನ ಭಾಗ) ಮೂಳೆಗೆ ಕಟ್ಟುವ ಸ್ನಾಯುರಜ್ಜು. ದೊಡ್ಡವರಲ್ಲಿ ಅದು ಅಂಟಿಕೊಂಡಿರುವುದು ಕೀಲಿನಿಂದ ಸುಮಾರು 4 ಸೆಂ.ಮೀ. ದೂರದಲ್ಲಿ. ಕೀಲಿನಿಂದ ಬಾಟಲಿ ಎಷ್ಟು ದೂರ ಇದೆ, ಸ್ಕೇಲಿನಿಂದ ಅಳೆಯಿರಿ. 32 ಸೆಂ.ಮೀ. ಅಂದುಕೊಳ್ಳಿ, ಅದು 4ರ ಎಂಟು ಪಟ್ಟು. ದೂರ ಎಷ್ಟು ಪಟ್ಟೋ ಎಳೆತವೂ ಅಷ್ಟು ಪಟ್ಟು ಬೇಕು. ಅಂದರೆ 1 ಕೆ.ಜಿ. ಹಿಡಿದಿಡಲು ಸುಮಾರು 8 ಕೆ.ಜಿ. ತೂಕದಷ್ಟು ಎಳೆತ ಬೇಕು. ಮುಂಗೈಯ ಸ್ವಂತ ಭಾರ ಬೇರೆ. ನಷ್ಟ ಅನ್ನಿಸುತ್ತದೆ ಅಲ್ವಾ? ಆದರೆ ಸ್ನಾಯು ಸ್ವಲ್ಪ ಮೊಟಕಾದರೂ ಅಂಗೈ ತುಂಬಾ ದೂರ, ತುಂಬಾ ಬೇಗ ಚಲಿಸುತ್ತದೆ. ಚೆಂಡು ಎಸೆಯಲು ಬೇಕಾದದ್ದು ಅದೇ.

ಬಾಟಲಿ ಕೆಳಗಿಡಿ. ಮುಂಗೈಯನ್ನು ಹಿಡಿದುಕೊಂಡು ಬೆರಳುಗಳನ್ನು ಆಡಿಸಲಿ. ಬೆರಳನ್ನು ಮಡಚುವ ದೊಡ್ಡ ಸ್ನಾಯುಗಳು ಮುಂಗೈಯಲ್ಲೇ ಇವೆ, ಅಲುಗುವುದು ಅಲ್ಲೇ ತಿಳಿಯುತ್ತದೆ.

ಕೊನೆಯದನ್ನು ನೀವು ಹೇಳಿಕೊಡಬೇಡಿ. ಮಗು ತುದಿಗಾಲಲ್ಲಿ ನಿಲ್ಲಲಿ, ಮೀನಖಂಡ ಗಟ್ಟಿಯಾಗುವುದನ್ನು ಮುಟ್ಟಲಿ. ಆಮೇಲೆ ಅದರ ಜೋಡಿ ಎಲ್ಲಿದೆ ಅಂತ ಕೇಳಿ ಸುಮ್ನೆ ಕಾಯಿರಿ. ಹಿಮ್ಮಡಿ ಊರಿ ಪಾದದ ಮುಂಭಾಗ ಎತ್ತಿದರೆ ಮಗುವಿಗೇ ಸಿಗುತ್ತದೆ.